ಶಟರ್ ಎಳೆಯುವ ಮುಂಚೆ: ತುಮಕೂರಿನ ಒಂದು ದಿನದ ತರಬೇತಿಗೆ ಹೋಗಿ ಬಂದೆ

ಹೋದ ಭಾನುವಾರ ಅಂಗಡಿಗೆ ರಜಾ ಹಾಕಿ ಒಂದು ತರಬೇತಿಗೆ ಹೋಗಿದ್ದೆ. ವಿಷಯ ಒಂದೇ. ಕಾಲೇಜು, ಯೂನಿವರ್ಸಿಟಿ ಆವರಣದಲ್ಲಿ ಪೊಲೀಸರು ಲಾಠಿ ಎತ್ತಿದಾಗ ಅಲ್ಲೇ ನಿಂತಿರುವ ನಾವು ಏನು ಮಾಡಬಹುದು, ಏನು ಮಾಡಬಾರದು. ಏಟು ತಿನ್ನುವವರು, ಏಟು ಕೊಡುವವರು ಇಬ್ಬರನ್ನೂ ಬಿಟ್ಟು, ನೋಡುತ್ತಾ ನಿಂತ ಮೂರನೆಯವರಿಗೆ ಅಂತಲೇ ಮಾಡಿದ್ದು. ನಮ್ಮೂರಲ್ಲಿ ಇಂಥದ್ದೊಂದು ನಡೆಯುತ್ತದೆ ಅಂತ ನಾನು ಕೇಳಿದ್ದು ಇದೇ ಮೊದಲು.

ಎಸ್.ಎಸ್. ಪುರಂನಲ್ಲಿ ಒಂದು ಮನೆಯ ಮಹಡಿ ಮೇಲಿನ ಹಾಲು. ಬೆಳಿಗ್ಗೆ 10ರಿಂದ ಸಂಜೆ 5. ಫೀಸು 350 ರೂಪಾಯಿ. ವಿದ್ಯಾರ್ಥಿಗಳಿಗೆ 100. ಅದರಲ್ಲೇ ಊಟ, ಎರಡು ಸಲ ಟೀ, 16 ಪುಟದ ಒಂದು ಪುಸ್ತಿಕೆ. ನಡೆಸುವವರು ಇಬ್ಬರು ವಕೀಲರು ಮತ್ತು ರಿಟೈರ್ ಆದ ಒಬ್ಬರು ಸೈಕಾಲಜಿ ಮೇಡಂ. ಸಂಘ, ಬ್ಯಾನರ್ ಏನೂ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ ಹೋಗಿ 27 ಜನ ಸೇರಿದ್ದೆವು.

ನಾನು ಯಾಕೆ ಹೋದೆ ಅಂತ ಮೊದಲು ಹೇಳುತ್ತೇನೆ. ಅದನ್ನು ಹೇಳದೆ ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅಂತ ಬರೆದರೆ ನಿಮಗೆ ಅರ್ಥ ಆಗುವುದಿಲ್ಲ.

ನನ್ನದು ಝೆರಾಕ್ಸ್, ಡಿಟಿಪಿ ಅಂಗಡಿ. ಒಂದು ಕಾಲೇಜಿನ ಗೇಟಿನ ಎದುರಿಗೆ. 19 ವರ್ಷ ಆಯಿತು. 11 ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಗೇಟಿನ ಮುಂದೆ ಹುಡುಗರು ಧರಣಿ ಕೂತಿದ್ದರು. ರಿಸಲ್ಟ್ ತಡ ಆಗಿತ್ತು, ಕೆಲಸಕ್ಕೆ ಅರ್ಜಿ ಹಾಕುವ ಕೊನೇ ದಿನ ಹತ್ತಿರ ಬಂದಿತ್ತು. ಮೊದಲು ಘೋಷಣೆ, ಆಮೇಲೆ ತಳ್ಳಾಟ, ಆಮೇಲೆ ವ್ಯಾನು ಬಂತು. ಆ ಹೊತ್ತಿಗೆ ನನ್ನ ಅಂಗಡಿಯಲ್ಲಿ ಒಬ್ಬ ಹುಡುಗ ಇದ್ದ. ಧರಣಿಗೂ ಅವನಿಗೂ ಸಂಬಂಧ ಇಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಎರಡು ಕಾಪಿ ಬೇಕು ಅಂತ ಬಂದಿದ್ದ. ನಾನು ಕಾರ್ಡನ್ನು ಮಶಿನ್ನಿನ ಗಾಜಿನ ಮೇಲಿಟ್ಟು ಮುಚ್ಚಳ ಹಾಕಿದ್ದೆ, ಅಷ್ಟೇ. ಗದ್ದಲ ಕೇಳಿ ಏನಾಯ್ತು ಅಂತ ನೋಡಲು ಅವನು ಮೆಟ್ಟಿಲಿಗೆ ಇಳಿದ. ಅಷ್ಟರಲ್ಲಿ ಹುಡುಗರೆಲ್ಲ ನಮ್ಮ ಸಾಲಿನ ಕಡೆ ಓಡಿ ಬಂದರು. ಅವರ ಹಿಂದೆ ಲಾಠಿ ಹಿಡಿದವರು.

ನಾನು ಕೊಕ್ಕೆ ಹಾಕಿ ಶಟರ್ ಎಳೆದೆ. ಅವನು ತಿರುಗಿ ಒಳಗೆ ಬರಲು ನೋಡಿದ. ಶಟರ್ ಅವನ ಎದೆ ಮಟ್ಟಕ್ಕೆ ಇಳಿದಾಗ ಅವನು ತಲೆ ಬಗ್ಗಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ. ನಾನು ಕೈ ನಿಲ್ಲಿಸಲಿಲ್ಲ. ಆಮೇಲೆ ಬರೀ ಶಬ್ದ. ತಗಡಿಗೆ ಏನೋ ಬಡಿದದ್ದು ಎರಡು ಸಲ. "ಅಕ್ಕಾ" ಅಂದದ್ದು ಒಂದು ಸಲ.

ಅರ್ಧ ಗಂಟೆ ಬಿಟ್ಟು ಮಶಿನ್ ಮುಚ್ಚಳ ಎತ್ತಿದೆ. ಮಾರ್ಕ್ಸ್ ಕಾರ್ಡ್ ಇಟ್ಟ ಹಾಗೇ ಇತ್ತು, ಬೋರಲು. ತಿರುಗಿಸಿ ನೋಡಿದೆ. ಗಣಿತದಲ್ಲಿ 91.

ಮಾರನೇ ದಿನ ಬಂದ. ಬಲಗೈಗೆ ಬ್ಯಾಂಡೇಜು, ಕತ್ತಿಗೆ ಪಟ್ಟಿ ಕಟ್ಟಿ ಕೈ ನೇತುಹಾಕಿದ್ದರು. ಕಾರ್ಡು, ಕಾಪಿ ಕವರಿಗೆ ಹಾಕಿ ಕೊಟ್ಟೆ. ಎಡಗೈಯಲ್ಲಿ ಪ್ಯಾಂಟಿನ ಬಲಜೇಬು ತಡಕುತ್ತಾ "ಎಷ್ಟಾಯ್ತಕ್ಕ?" ಅಂತ ಕೇಳಿದ. ಬೇಡ ಅಂದೆ. ಎರಡು ರೂಪಾಯಿ ನಾಣ್ಯ ಗಾಜಿನ ಮೇಲಿಟ್ಟು ಹೋದ. ಒಂದು ವಾರ ಬಿಟ್ಟು ಅವನ ಕಡೆಯ ಹಿರಿಯರೊಬ್ಬರು ಬಂದು, ನೀವೇನಾದ್ರೂ ನೋಡಿದ್ರಾ ತಾಯಿ, ಒಂದು ಮಾತು ಬರೆದುಕೊಡ್ತೀರಾ ಅಂತ ಕೇಳಿದರು. ಶಟರ್ ಹಾಕಿತ್ತು, ನಾನೇನೂ ನೋಡಿಲ್ಲ ಅಂದೆ.

ಇದನ್ನು ನಾನು ಮನೆಯಲ್ಲೂ ಪೂರ್ತಿ ಹೇಳಿರಲಿಲ್ಲ. ಆ ಹಾಲಿನಲ್ಲಿ, ಗುರುತಿಲ್ಲದ 26 ಜನರ ಮುಂದೆ ಹೇಳಿದೆ. ಅಷ್ಟರ ಮಟ್ಟಿಗೆ ಈ ತರಬೇತಿ ಕೊಟ್ಟ ಕಾಸಿಗೆ ಮೋಸ ಮಾಡಲಿಲ್ಲ.

ಬೆಳಗಿನ ಹೊತ್ತು ಮೇಡಂದು. ಅವರು ಪಾಠ ಶುರು ಮಾಡಿದ ರೀತಿ ನನಗೆ ಹಿಡಿಸಿತು. ಪೊಲೀಸರು ಯಾರನ್ನಾದ್ರೂ ಹೊಡೆಯೋದನ್ನ ಕಣ್ಣಾರೆ ನೋಡಿದವರು ಕೈ ಎತ್ತಿ ಅಂದರು. ಹತ್ತೊಂಬತ್ತು ಕೈ ಎದ್ದವು. ಆವಾಗ ನೀವೇನಾದ್ರೂ ಮಾಡಿದ್ರಾ, ಮಾಡಿದವರು ಕೈ ಹಾಗೇ ಇಟ್ಟುಕೊಳ್ಳಿ ಅಂದರು. ಎರಡು ಕೈ ಉಳಿದವು. ಯಾರನ್ನೂ ಬೈಯಲಿಲ್ಲ. ನೇರ ಒಂದು ಪ್ರಯೋಗದ ಕತೆಗೆ ಹೋದರು.

1968ರಲ್ಲಿ ಅಮೆರಿಕದಲ್ಲಿ ಲಟಾನೆ, ಡಾರ್ಲಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ್ದು. ರೂಮಿನಲ್ಲಿ ಒಬ್ಬನನ್ನು ಕೂರಿಸಿ ಫಾರಂ ತುಂಬಲು ಕೊಡುತ್ತಾರೆ. ಗೋಡೆಯ ಸಂದಿಯಿಂದ ಹೊಗೆ ಬಿಡುತ್ತಾರೆ. ಒಬ್ಬನೇ ಇದ್ದಾಗ 100ಕ್ಕೆ 75 ಜನ ಎದ್ದು ಹೋಗಿ ಹೊಗೆ ಬರ್ತಿದೆ ಅಂತ ಹೇಳಿದರು. ಜೊತೆಗೆ ಇನ್ನಿಬ್ಬರನ್ನು ಕೂರಿಸಿ, ಹೊಗೆ ಕಂಡರೂ ಕಾಣದವರ ಹಾಗೆ ಇರಿ ಅಂತ ಅವರಿಗೆ ಮೊದಲೇ ಹೇಳಿಕೊಟ್ಟಾಗ, ಎದ್ದು ಹೋದವರು 100ಕ್ಕೆ 10 ಜನ. ಉಳಿದವರು ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಫಾರಂ ತುಂಬುತ್ತಾ ಕೂತರು. ಪಕ್ಕದವರು ಸುಮ್ಮನಿದ್ದಾರೆ, ಹಾಗಾದ್ರೆ ಏನೂ ಆಗಿಲ್ಲ ಅಂತ ಲೆಕ್ಕ. ನನಗೆ ನಮ್ಮ ಸಾಲು ನೆನಪಾಯಿತು. ಆವತ್ತು ನಾನು ಕೊಕ್ಕೆ ಹಿಡಿಯುವ ಮುಂಚೆ ಪಕ್ಕದ ಬೇಕರಿ ಕಡೆ ನೋಡಿದ್ದೆ. ಅವರು ಆಗಲೇ ಅರ್ಧ ಎಳೆದಿದ್ದರು.

ಇಷ್ಟೇ ಹೇಳಿ ನಿಲ್ಲಿಸಿದ್ದರೆ ನಾನು ಇನ್ನೂ ಕುಗ್ಗಿ ಮನೆಗೆ ಬರುತ್ತಿದ್ದೆ. ಮೇಡಂ ಇನ್ನೊಂದು ಅಧ್ಯಯನ ಹೇಳಿದರು. ಕೆಲವು ವರ್ಷದ ಹಿಂದಿನದು. ಇಂಗ್ಲೆಂಡಿನ ಲ್ಯಾಂಕಾಸ್ಟರ್, ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಈ ಮೂರು ಊರಿನ ರಸ್ತೆ ಜಗಳಗಳ ಸಿಸಿಟಿವಿ ದೃಶ್ಯ ಒಟ್ಟು 219. ಅದರಲ್ಲಿ 10ಕ್ಕೆ 9 ಕಡೆ ನೋಡುತ್ತಿದ್ದವರಲ್ಲಿ ಒಬ್ಬರಾದರೂ ಮಧ್ಯೆ ಬಂದಿದ್ದರು. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಬರುವ ಸಂಭವವೂ ಜಾಸ್ತಿ. ಕೈ ಅಡ್ಡ ಹಿಡಿಯುವುದು, ಬಾ ಹೋಗೋಣ ಅಂತ ಎಳೆದುಕೊಂಡು ಹೋಗುವುದು, ಇಂಥ ಸಣ್ಣ ಸಣ್ಣ ಕೆಲಸ. ಆದರೆ ಅವು ಸಾಮಾನ್ಯ ಜಗಳ, ಹೊಡೆಯುವವನ ಮೈಮೇಲೆ ಖಾಕಿ ಇರಲಿಲ್ಲ. ಖಾಕಿ ಇದ್ದರೆ ಲೆಕ್ಕ ಬೇರೆ ಅಂತ ಒಬ್ಬ ಹುಡುಗಿ ಕೇಳಿದಳು. ಒಳ್ಳೆ ಪ್ರಶ್ನೆ. ಹೌದು, ಅದಕ್ಕೇ ಕ್ಯಾಂಪಸ್ಸಿನ ಕತೆಗಳನ್ನೇ ನೋಡೋಣ ಅಂತ ಮೇಡಂ ಪ್ರೊಜೆಕ್ಟರ್ ಹಾಕಿಸಿದರು.

ಮೊದಲು ಕೆಂಟ್ ಸ್ಟೇಟ್ ಯೂನಿವರ್ಸಿಟಿ, ಅಮೆರಿಕದ ಒಹಾಯೋ. 1970ರ ಮೇ 4. ಪ್ರತಿಭಟನೆ ಮಾಡುತ್ತಿದ್ದ ಹುಡುಗರ ಕಡೆ ಗುಂಡು ಹಾರಿಸಿದ್ದು ಪೊಲೀಸರಲ್ಲ, ನ್ಯಾಷನಲ್ ಗಾರ್ಡ್ ಅನ್ನುವ ಪಡೆ. 13 ಸೆಕೆಂಡಿನಲ್ಲಿ 67 ಗುಂಡು, 4 ಜನ ಸತ್ತರು, 9 ಜನಕ್ಕೆ ಗಾಯ. ಸತ್ತವರಲ್ಲಿ ಇಬ್ಬರು ಪ್ರತಿಭಟನೆಯಲ್ಲೇ ಇರಲಿಲ್ಲ. ಒಬ್ಬಳು ಕ್ಲಾಸಿಗೆ ನಡೆದು ಹೋಗುತ್ತಿದ್ದಳು. ನಾನು ಪೆನ್ನು ಕೆಳಗಿಟ್ಟೆ. ಮಾರ್ಕ್ಸ್ ಕಾರ್ಡಿಗೆ ಬಂದ ಹುಡುಗನೂ ಹಾಗೇ ಅಲ್ವಾ.

ಆ ದಿನದ್ದೇ ಇನ್ನೊಂದು ಸಂಗತಿ ಹೇಳಿದರು. ಗುಂಡು ನಿಂತ ಮೇಲೆ ಸಿಟ್ಟಿಗೆದ್ದ ಹುಡುಗರು ಹುಲ್ಲಿನ ಇಳಿಜಾರಿನಲ್ಲಿ ಕೂತುಬಿಟ್ಟರು, ಏಳುವುದಿಲ್ಲ ಅಂತ. ಎದುರಿಗೆ ಅದೇ ಗಾರ್ಡ್‌ಗಳು ಬಂದೂಕು ಹಿಡಿದು ನಿಂತಿದ್ದಾರೆ. ಆವಾಗ ಗ್ಲೆನ್ ಫ್ರಾಂಕ್ ಅನ್ನುವ ಭೂವಿಜ್ಞಾನದ ಮೇಷ್ಟ್ರು ಅಳುತ್ತಾ ಬೇಡಿಕೊಂಡರು, ದಯವಿಟ್ಟು ಇಲ್ಲಿಂದ ಹೋಗಿ ಅಂತ. ಹುಡುಗರು ಎದ್ದು ಹೋದರು. ಇಲ್ಲದಿದ್ದರೆ ಇನ್ನೆಷ್ಟು ಹೆಣ ಬೀಳುತ್ತಿದ್ದವೋ. ಅವರು ಕಲ್ಲು ಎತ್ತಲಿಲ್ಲ, ಬಂದೂಕಿಗೆ ಅಡ್ಡ ಹೋಗಲಿಲ್ಲ. ತಮ್ಮ ಹುಡುಗರಿಗೆ ಮಾತಾಡಿದರು.

ಆಮೇಲೆ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಯೂನಿವರ್ಸಿಟಿ, 2006ರ ನವೆಂಬರ್ 14. ರಾತ್ರಿ ಲೈಬ್ರರಿಯಲ್ಲಿ ಐಡಿ ಕಾರ್ಡು ತೋರಿಸಲಿಲ್ಲ ಅಂತ ಒಬ್ಬ ವಿದ್ಯಾರ್ಥಿಗೆ ಕ್ಯಾಂಪಸ್ ಪೊಲೀಸರು ಟೇಸರ್ ಹಾಕಿದರು. ಟೇಸರ್ ಅಂದರೆ ಕರೆಂಟ್ ಶಾಕ್ ಕೊಡುವ ಗನ್ನು. ಒಂದು ಸಲ ಅಲ್ಲ, ಹಲವು ಸಲ. ಓದುತ್ತಿದ್ದವರೆಲ್ಲ ಎದ್ದು ಬಂದರು. ಒಬ್ಬರು ಆ ಕಾಲದ ಸಣ್ಣ ಕ್ಯಾಮೆರಾ ಫೋನಿನಲ್ಲಿ ವಿಡಿಯೊ ಮಾಡಿದರು. ಕೆಲವರು ಪೊಲೀಸರ ಹೆಸರು, ಬ್ಯಾಡ್ಜ್ ನಂಬರು ಕೇಳಿದರು. ಹಾಗೆ ಕೇಳಿದವರಿಗೂ ಟೇಸರ್ ಹಾಕುವ ಬೆದರಿಕೆ ಬಂತು. 2009ರಲ್ಲಿ ಯೂನಿವರ್ಸಿಟಿ ಆ ವಿದ್ಯಾರ್ಥಿಗೆ 2,20,000 ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ವಿಡಿಯೊ ಇಲ್ಲದಿದ್ದರೆ ಅವನ ಮಾತು ಒಂದು ಕಡೆ, ಪೊಲೀಸರ ಮಾತು ಒಂದು ಕಡೆ ಆಗಿ ನಿಲ್ಲುತ್ತಿತ್ತು ಅಂತ ನನಗನಿಸಿತು.

ಅದಕ್ಕೆ ಪೂರ್ತಿ ಉಲ್ಟಾ ಫ್ಲಾರಿಡಾ ಯೂನಿವರ್ಸಿಟಿ, 2007ರ ಸೆಪ್ಟೆಂಬರ್ 17. ಸೆನೆಟರ್ ಜಾನ್ ಕೆರಿ ಅವರ ಭಾಷಣ. ಪ್ರಶ್ನೆ ಕೇಳುತ್ತಾ ಮೈಕ್ ಬಿಡದ ಒಬ್ಬ ವಿದ್ಯಾರ್ಥಿಯನ್ನು ಪೊಲೀಸರು ಎಳೆದುಕೊಂಡು ಹೋಗಿ, ಹಾಲಿನ ಹಿಂಭಾಗದಲ್ಲಿ ನೆಲಕ್ಕೆ ಒತ್ತಿ ಟೇಸರ್ ಹಾಕಿದರು. ಅವನನ್ನು ಎಳೆಯಲು ಶುರು ಮಾಡಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಬೇಡ ಅಂತ ಕೂಗಿದವರು ಕೆಲವರೇ. ಜಾಸ್ತಿ ಜನ ಕುರ್ಚಿಯಲ್ಲಿ ಕುತ್ತಿಗೆ ತಿರುಗಿಸಿ ನೋಡುತ್ತಾ ಕೂತಿದ್ದಾರೆ. ಆ ವಿಡಿಯೊ ನೋಡುವುದು ನನಗೆ ಗುಂಡಿನ ಕತೆಗಿಂತ ಕಷ್ಟ ಆಯಿತು.

ಯುಸಿ ಡೇವಿಸ್ ಯೂನಿವರ್ಸಿಟಿಯ ಪ್ರಕರಣಕ್ಕೆ ಮೇಡಂ ಅರ್ಧ ಗಂಟೆ ಕೊಟ್ಟರು, ಕೊಡಬೇಕಾದದ್ದೇ. 2011ರ ನವೆಂಬರ್ 18. ಕ್ಯಾಲಿಫೋರ್ನಿಯಾ. ಕ್ಯಾಂಪಸ್ಸಿನ ದಾರಿಯಲ್ಲಿ ಹುಡುಗರು ತೋಳಿಗೆ ತೋಳು ಕೂಡಿಸಿ ಕೂತಿದ್ದಾರೆ. ಒಬ್ಬ ಅಧಿಕಾರಿ ಗಿಡಕ್ಕೆ ಔಷಧಿ ಹೊಡೆಯುವ ಹಾಗೆ ಅವರ ಮುಖಕ್ಕೆ ಪೆಪ್ಪರ್ ಸ್ಪ್ರೇ ಹೊಡೆಯುತ್ತಾ ಸಾಲಿನುದ್ದಕ್ಕೂ ನಡೆಯುತ್ತಾನೆ. ಸುತ್ತ ನೂರಾರು ಜನ. ನಿಮಗೆ ನಾಚಿಕೆಯಾಗಬೇಕು ಅಂತ ಒಂದೇ ಸ್ವರದಲ್ಲಿ ಕೂಗುತ್ತಾರೆ. ಎಲ್ಲರ ಕೈಯಲ್ಲೂ ಫೋನು. ಯಾರೂ ಪೊಲೀಸರ ಮೈಮೇಲೆ ಬೀಳುವುದಿಲ್ಲ. ಪೊಲೀಸರಿಗೂ ಗಾಬರಿ, ಸುತ್ತ ಜನ, ದಾರಿ ಕಾಣದು. ಆವಾಗ ಗುಂಪಿನಿಂದ ಬಂದ ಮಾತು, ನೀವು ಹೋಗಬಹುದು, ನಾವು ಏನೂ ಮಾಡುವುದಿಲ್ಲ ಅನ್ನುವ ಅರ್ಥದ್ದು. ನೀವು ಹೋಗಬಹುದು, ನೀವು ಹೋಗಬಹುದು ಅಂತ ಎಲ್ಲರೂ ಸೇರಿ ಹೇಳುತ್ತಾರೆ. ಪೊಲೀಸರು ಹಿಂದೆ ಹಿಂದೆ ಸರಿದು ಹೊರಟು ಹೋಗುತ್ತಾರೆ. ಮಾರನೇ ದಿನ ರಾತ್ರಿ ಯೂನಿವರ್ಸಿಟಿಯ ಮುಖ್ಯಸ್ಥೆ ಕಾರಿನ ತನಕ ನಡೆದು ಹೋಗುವಾಗ ಎರಡೂ ಕಡೆ ಹುಡುಗರು ಕೂತಿದ್ದಾರೆ, ಒಬ್ಬರೂ ತುಟಿ ಬಿಚ್ಚುವುದಿಲ್ಲ. ಆಕೆಯ ಚಪ್ಪಲಿ ಸದ್ದು ಮಾತ್ರ.

ನಮ್ಮ ಹಾಲಿನಲ್ಲೂ ಹಾಗೇ ಆಯಿತು. ವಿಡಿಯೊ ಮುಗಿದ ಮೇಲೆ ಫ್ಯಾನಿನ ಸದ್ದು ಬಿಟ್ಟು ಏನೂ ಇಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಬಂದ ತನಿಖಾ ವರದಿ, ಇದನ್ನು ತಡೆಯಬಹುದಿತ್ತು, ತಡೆಯಬೇಕಿತ್ತು ಅಂತ ಹೇಳಿತು. ಒಟ್ಟು 10 ಲಕ್ಷ ಡಾಲರಿಗೆ ರಾಜಿ ಆಗಿ 21 ಜನಕ್ಕೆ ತಲಾ 30,000 ಡಾಲರ್ ಸಿಕ್ಕಿತು. ಆಮೇಲೆ ಅದೇ ಯೂನಿವರ್ಸಿಟಿ, ಇಂಟರ್‌ನೆಟ್ಟಿನಲ್ಲಿ ಈ ಘಟನೆ ಕಾಣದ ಹಾಗೆ ಮಾಡಲು ಕಂಪನಿಗಳಿಗೆ 1,75,000 ಡಾಲರ್ ಆದರೂ ಕೊಟ್ಟಿತ್ತು ಅಂತ 2016ರಲ್ಲಿ ಹೊರಬಿತ್ತು. ಅಳಿಸಲು ಆಗಲಿಲ್ಲ. ನೋಡಿದವರು ಅಷ್ಟು ಜನ ಇದ್ದರು.

ನಮ್ಮ ದೇಶದ್ದು ಒಂದೇ ತೋರಿಸಿದರು, ದೆಹಲಿಯ ಜಾಮಿಯಾ ಮಿಲಿಯಾ, 2019ರ ಡಿಸೆಂಬರ್ 15. ನೆಲಕ್ಕೆ ಬಿದ್ದ ಗೆಳೆಯನ ಸುತ್ತ ಹುಡುಗಿಯರು ಕೋಟೆ ಕಟ್ಟಿದ ಹಾಗೆ ನಿಂತು, ಲಾಠಿ ಹಿಡಿದವರಿಗೆ ಬೆರಳು ತೋರಿಸಿ ಹಿಂದೆ ಹೋಗಿ ಅನ್ನುವ ವಿಡಿಯೊ. ನೀವೂ ನೋಡಿರುತ್ತೀರಿ. ಅದೇ ದಿನದ ಲೈಬ್ರರಿಯ ಸಿಸಿಟಿವಿ ದೃಶ್ಯ ಹೊರಗೆ ಬಂದದ್ದು ಎರಡು ತಿಂಗಳು ಬಿಟ್ಟು. ನನಗೆ ಇನ್ನೊಂದೆರಡು ನಮ್ಮ ಕಡೆಯ ಉದಾಹರಣೆ ಬೇಕಿತ್ತು. ಜಾದವಪುರ, ಹೈದರಾಬಾದ್, ಬನಾರಸ್ ಅಂತ ಹೆಸರು ಹೇಳಿ ದಾಟಿಸಿಬಿಟ್ಟರು. ಅಮೆರಿಕದ್ದೇ ಜಾಸ್ತಿ ಆಯಿತು. ವಿಡಿಯೊಗಳಿಗೆ ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೂವಿನ ಅಂಗಡಿಯವರಿಗೆ ಪಕ್ಕದ ಹುಡುಗ ಪಿಸುಗುಟ್ಟಿ ಹೇಳುತ್ತಿದ್ದ.

ಊಟ ಸರಳ. ಅನ್ನ, ಸೊಪ್ಪಿನ ಹುಳಿ, ಮಜ್ಜಿಗೆ. ಬಿಸಿ ಇತ್ತು.

ಮಧ್ಯಾಹ್ನ ಕಾನೂನು. ವಕೀಲರು ಚೆನ್ನಾಗಿ ಹೇಳಿದರು, ಒಂದೊಂದಕ್ಕೂ ನಮ್ಮೂರಿನ ರಸ್ತೆ ಹೆಸರು ಹಿಡಿದು. ಬಿ.ಎಚ್. ರಸ್ತೆಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ, ಟೌನ್ ಹಾಲ್ ಸರ್ಕಲ್ಲಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ, ಹೀಗೆ. ಪೊಲೀಸರು ಕ್ಯಾಂಪಸ್ಸಿನೊಳಗೆ ಬರಬೇಕಾದರೆ ಕುಲಪತಿಗಳು ಕರೆಯಲೇಬೇಕು ಅಂತ ನಾವೆಲ್ಲ ನಂಬಿದ್ದೆವು. ಅದು ರೂಢಿ, ಕಾನೂನಲ್ಲ ಅಂತೆ. ಗುಂಪು ಚದುರಿಸುವ ಮುಂಚೆ ಚದುರಿ ಅಂತ ಹೇಳಬೇಕು, ಹಾಗೆ ಹೇಳುವವರು ಮ್ಯಾಜಿಸ್ಟ್ರೇಟೋ ಠಾಣೆಯ ಅಧಿಕಾರಿಯೋ ಆಗಿರಬೇಕು, ಅವರಿಲ್ಲದಿದ್ದರೆ ಕೊನೇಪಕ್ಷ ಸಬ್ ಇನ್ಸ್‌ಪೆಕ್ಟರ್ ಆದರೂ ಆಗಿರಬೇಕು. ಆ ಮಾತು ಹೇಳಿದರೋ ಇಲ್ಲವೋ, ಹೇಳಿ ಎಷ್ಟು ನಿಮಿಷಕ್ಕೆ ಲಾಠಿ ಎದ್ದಿತು, ಇದನ್ನು ನೋಡಿದವರು ಹೇಳದೆ ಇನ್ಯಾರು ಹೇಳಬೇಕು ಅಂತ ಅವರ ಪ್ರಶ್ನೆ.

ಸಾರ್ವಜನಿಕ ಜಾಗದಲ್ಲಿ ದೂರ ನಿಂತು ವಿಡಿಯೊ ಮಾಡುವುದೇ ಅಪರಾಧ ಅಂತ ಯಾವ ಕಾನೂನೂ ಹೇಳುವುದಿಲ್ಲ. ಮೈಮೇಲೆ ಹೋಗಿ ಅಡ್ಡಿಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 221ನೇ ಸೆಕ್ಷನ್, 3 ತಿಂಗಳ ತನಕ ಜೈಲು ಆಗಬಹುದು. ಅದಕ್ಕೇ ದೂರ. ವಿಡಿಯೊ ತೆಗೆದ ಮೇಲೆ ವಾಟ್ಸಾಪಿಗೆ ಕಳಿಸಿ ಫೋನಿಂದ ಅಳಿಸಬೇಡಿ. ಕಳಿಸಿದ್ದು ಕುಗ್ಗುತ್ತದೆ, ಯಾವಾಗ ತೆಗೆದದ್ದು ಅನ್ನುವ ವಿವರ ಹೋಗುತ್ತದೆ. ಮೂಲ ಫೈಲು ಫೋನಿನಲ್ಲೇ ಇರಲಿ. ಕೋರ್ಟಿಗೆ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು, ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಗಾಯಾಳುವನ್ನು ಯಾವ ಆಸ್ಪತ್ರೆಯೂ, ಮೊದಲು ಪೊಲೀಸ್ ಕೇಸು ಮಾಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುವ ಹಾಗಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಇವೆಲ್ಲ ಉಪಯೋಗದ ಮಾತು. ಆದರೆ ನನ್ನ ತಲೆ ನಿಂತದ್ದು ಇನ್ನೊಂದು ಕಡೆ. ಡಿ.ಕೆ. ಬಸು ಪ್ರಕರಣ, 1996, ಸುಪ್ರೀಂ ಕೋರ್ಟ್. ಯಾರನ್ನೇ ಬಂಧಿಸಿದರೂ ಬಂಧಿಸುವ ಪೊಲೀಸರ ಎದೆ ಮೇಲೆ ಹೆಸರು ಸ್ಪಷ್ಟವಾಗಿ ಕಾಣಬೇಕು. ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಒಬ್ಬರಾದರೂ ಸಾಕ್ಷಿ ಸಹಿ ಹಾಕಬೇಕು. ಸಾಕ್ಷಿ ಯಾರು? ಮನೆಯವರು, ಇಲ್ಲ ಆ ಜಾಗದ ಒಬ್ಬ ಗೌರವಸ್ಥ ವ್ಯಕ್ತಿ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಸೆಕ್ಷನ್ನಿನಲ್ಲೂ ಅದೇ ಇದೆ. ಆ ಜಾಗದವರು ಅಂದರೆ ಯಾರು ಸಾರ್ ಅಂತ ಕೇಳಿದೆ. ವಕೀಲರು ನನ್ನ ಕಡೆ ಕೈ ತೋರಿಸಿ, ಯಾರು ಅಂದ್ರೆ, ನೀವೇ ಅಂದರು. ಬೇಕರಿಯವರು, ಜ್ಯೂಸ್ ಅಂಗಡಿಯವರು, ಆಟೋ ಸ್ಟ್ಯಾಂಡಿನವರು.

ಆವತ್ತು ನಮ್ಮ ಗೇಟಿನ ಮುಂದೆ ಆರು ಹುಡುಗರನ್ನು ವ್ಯಾನಿಗೆ ಹತ್ತಿಸಿದರು. ಮೆಮೊಗೆ ಯಾರ ಸಹಿ ಬಿತ್ತೋ ಗೊತ್ತಿಲ್ಲ. ನಮ್ಮ ಸಾಲಿನಲ್ಲಿ ಎಂಟು ಅಂಗಡಿ. ಎಂಟೂ ಶಟರ್ ಇಳಿದಿದ್ದವು.

ಇನ್ನು ಕಾರ್ಯಕ್ರಮದ ಲಿಸ್ಟಿನಲ್ಲಿ ಇಲ್ಲದ, ಆದರೆ ದಿನದ ಅತ್ಯುತ್ತಮ ಅರ್ಧ ಗಂಟೆ ಬಗ್ಗೆ. ಸೇರಿದವರಲ್ಲಿ ಒಬ್ಬರು ರಿಟೈರ್ಡ್ ಹೆಡ್ ಕಾನ್‌ಸ್ಟೆಬಲ್. ಮಗಳು ಕರೆದುಕೊಂಡು ಬಂದಿದ್ದಳು. ಮಧ್ಯಾಹ್ನದ ತನಕ ಕೈ ಕಟ್ಟಿ ಕೂತಿದ್ದರು. ವಕೀಲರು ಬಲವಂತ ಮಾಡಿದ ಮೇಲೆ ಎದ್ದು ಮಾತಾಡಿದರು. ರಾತ್ರಿ ಬಂದೋಬಸ್ತು ಮುಗಿಸಿ ನಿದ್ದೆಯಿಲ್ಲದೆ ಬೆಳಿಗ್ಗೆ ಮತ್ತೆ ವ್ಯಾನು ಹತ್ತಿದ ದಿನಗಳನ್ನು ಹೇಳಿದರು. "ಗುಂಪು ಅಂದ್ರೆ ನಮಗೂ ಭಯ ಕಣ್ರಮ್ಮ. ಹಿಂದಿನಿಂದ ಒಂದು ಕಲ್ಲು ಬಂತು ಅಂದ್ರೆ ಮುಗೀತು, ಯಾರು ಎಸೆದ್ರು ಅಂತ ನೋಡಲ್ಲ, ಮುಂದೆ ಸಿಕ್ಕಿದವನಿಗೆ ಬೀಳುತ್ತೆ." ಲಾಠಿ ಸೊಂಟದ ಕೆಳಗೆ ಅಂತ ಕಲಿಸಿರುತ್ತಾರೆ, ಓಡಿಸುವಾಗ ಅದು ಮರೆತು ಹೋಗುತ್ತದೆ ಅಂದರು. ಆ ಮಾತು ಹೇಳುವಾಗ ನೆಲ ನೋಡುತ್ತಿದ್ದರು.

ಹಾಗಾದ್ರೆ ನಿಮ್ಮ ಕೈ ನಿಲ್ಲುತ್ತಿದ್ದದ್ದು ಯಾವಾಗ ಅಂತ ಮೇಡಂ ಕೇಳಿದರು. ಸ್ವಲ್ಪ ಯೋಚನೆ ಮಾಡಿದರು. ಒಂದು ಸಲ ಒಬ್ಬಳು ಮುದುಕಿ, ತರಕಾರಿ ಮಾರುವವಳು, ಏನೂ ಬೈಯದೆ, ಹತ್ತಿರವೂ ಬರದೆ, ಬುಟ್ಟಿ ಮುಂದೆ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದಳು, ನನ್ನ ಕೈ ಇಳಿಯಿತು ಅಂದರು. "ನಮ್ಮವ್ವ ನೋಡಿದಂಗಾಯ್ತು."

ಇದನ್ನು ನಾನು ಪುಸ್ತಿಕೆಯ ಹಿಂದಿನ ರಕ್ಷಾಪುಟದಲ್ಲಿ ಬರೆದುಕೊಂಡೆ.

ಕೊನೆಯದು ಅಭ್ಯಾಸ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೆರೆಯಾಚೆ ಲಾಠಿ, ಅಂದರೆ ಸುತ್ತಿದ ನ್ಯೂಸ್‌ಪೇಪರು. ಈಚೆ ನಾವು. ಒಬ್ಬರು ವಿಡಿಯೊ, ಒಬ್ಬರು 112ಕ್ಕೆ ಫೋನು, ಒಬ್ಬರು ಟೈಮು ಮತ್ತು ಹೆಸರು ಬರೆದುಕೊಳ್ಳುವುದು, ಒಬ್ಬರು ಬಿದ್ದವನ ಹೆಸರು, ಊರು ಕೇಳುವುದು. ಎಲ್ಲರೂ ಎಲ್ಲ ಮಾಡಬೇಡಿ, ಒಂದೊಂದು ಹಿಡಿದುಕೊಳ್ಳಿ ಅಂದರು. ಪಕ್ಕದವರ ಹೆಸರು ಹಿಡಿದು ಹೇಳಿ, ಯಾರಾದ್ರೂ ಫೋನ್ ಮಾಡಿ ಅಂದರೆ ಯಾರೂ ಮಾಡುವುದಿಲ್ಲ ಅಂದರು. ಬೆಳಗಿನ ಹೊಗೆಯ ಪಾಠ ಇಲ್ಲಿ ಕೂಡಿಕೊಂಡಿತು.

ನಾನು ಅಂಗಡಿಯವಳ ಪಾತ್ರ ಕೇಳಿ ತೆಗೆದುಕೊಂಡೆ. ಕಿಟಕಿಯ ಪರದೆ ಬಿಚ್ಚಿ ಇಬ್ಬರು ಹುಡುಗರು ಎತ್ತಿ ಹಿಡಿದರು, ಅದೇ ಶಟರ್. ಒಬ್ಬ ಹುಡುಗ ಓಡಿ ಬಂದ. ಮೊದಲ ಸಲ ನನ್ನ ಕೈ ತಾನಾಗಿ ಪರದೆ ಎಳೆಯಿತು. ಎಳೆದ ಮೇಲೆ ಕಾಲು ನಡುಗಿ ಕೂತುಬಿಟ್ಟೆ. ಮೇಡಂ ನೀರು ಕೊಟ್ಟರು. ಬೇಡ ಅಂದರೆ ಬಿಡಿ ಅಂದರು. ಹತ್ತು ನಿಮಿಷ ಬಿಟ್ಟು ಮತ್ತೆ ನಿಂತೆ. ಈ ಸಲ ಪರದೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಅವನನ್ನು ಒಳಗೆ ಬಿಟ್ಟು, ಹೊಸಿಲಲ್ಲಿ ನಿಂತು ಜೋರಾಗಿ ಹೇಳಿದೆ: "ಸಾರ್, ಈ ಹುಡುಗ ಝೆರಾಕ್ಸ್‌ಗೆ ಬಂದಿದ್ದ. ಹತ್ತೂವರೆಗೆ ಬಂದ. ಇಲ್ಲೇ ಇದ್ದ. ನಾನು ನೋಡಿದ್ದೀನಿ." ಲಾಠಿ ಪಾತ್ರದ ಹುಡುಗ ನ್ಯೂಸ್‌ಪೇಪರು ಇಳಿಸಿ ನಿಂತ. ಅದು ಆಟ, ಗೊತ್ತು. ನಿಜವಾಗಿ ಹಾಗೇ ಆಗುತ್ತದೆ ಅಂತ ಯಾರೂ ನನಗೆ ಭರವಸೆ ಕೊಡಲಿಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಎಮರಿ ಯೂನಿವರ್ಸಿಟಿಯಲ್ಲಿ ಏನು ಮಾಡ್ತಿದ್ದೀರಿ ಅಂತ ಹತ್ತಿರ ಹೋಗಿ ಕೇಳಿದ ಅರ್ಥಶಾಸ್ತ್ರದ ಪ್ರೊಫೆಸರನ್ನೇ ನೆಲಕ್ಕೆ ಕೆಡವಿ ಕೈ ಕಟ್ಟಿದರು ಅಂತ ಮೇಡಂ ಅದೇ ಹೊತ್ತಿಗೆ ಹೇಳಿದರು. ಅಪಾಯ ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ಗೌರವ ಜಾಸ್ತಿ ಆಯಿತು. ಆದರೆ "ನಾನು ನೋಡಿದ್ದೀನಿ" ಅನ್ನುವ ಮಾತು ನನ್ನ ಬಾಯಿಂದ ಬಂತು, 11 ವರ್ಷ ಬಿಟ್ಟು.

ಈಗ ಕೊರತೆಗಳು. ಪುಸ್ತಿಕೆ ಹಳೆಯದು. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಪುಸ್ತಿಕೆಯಲ್ಲಿ ಇನ್ನೂ ಐಪಿಸಿ, ಸಿಆರ್‌ಪಿಸಿ ಸೆಕ್ಷನ್ನುಗಳೇ ಇವೆ. ವಕೀಲರು ಬಾಯಲ್ಲಿ ಹೊಸದು ಹೇಳಿದರು, ಕೈಯಲ್ಲಿ ಹಳೆಯದು ಕೊಟ್ಟರು. ಮನೆಗೆ ಹೋಗಿ ಪುಸ್ತಿಕೆ ನಂಬಿದವರಿಗೆ ತೊಂದರೆ ಅಲ್ವಾ? ಫೋನ್ ಅಭ್ಯಾಸಕ್ಕೆ ಬರೀ ಇಪ್ಪತ್ತು ನಿಮಿಷ. ನನ್ನ ಫೋನಿನಲ್ಲಿ ವಿಡಿಯೊ ಅಡ್ಡ ಹಿಡಿಯಬೇಕೋ ಉದ್ದ ಹಿಡಿಯಬೇಕೋ ಅಂತ ಕೇಳಬೇಕೆಂದಿದ್ದೆ, ಸಮಯ ಸಿಗಲಿಲ್ಲ. ಮೆಟ್ಟಿಲು ಕಡಿದು, ಮಂಡಿ ನೋವಿನವರು ಹತ್ತುವುದು ಕಷ್ಟ. ಮತ್ತೆ ಎಲ್ಲ ಮಾತೂ ವಿದ್ಯಾರ್ಥಿಗಳನ್ನೇ ನೋಡಿ ಹೇಳಿದ್ದು. ಹುಡುಗರು ಮೂರು ವರ್ಷಕ್ಕೆ ಪಾಸಾಗಿ ಹೋಗುತ್ತಾರೆ. ಗೇಟಿನ ಮುಂದೆ ಇಪ್ಪತ್ತು ವರ್ಷ ಇರುವವರು ನಾವು, ಸೆಕ್ಯುರಿಟಿಯವರು, ಕ್ಯಾಂಟೀನಿನವರು, ಆಟೋದವರು. ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಪುಸ್ತಿಕೆ ತಿದ್ದಿದರೆ ನಾಲ್ಕೂವರೆ. ಮನಸ್ಸಿನಲ್ಲಿ ಇಂಥದ್ದೇನಾದರೂ ಹೊತ್ತುಕೊಂಡು ಓಡಾಡುತ್ತಿರುವವರು ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ವಾಪಸ್ ಬರುವಾಗ ಮಾತಾಡಲು ಒಬ್ಬರು ಬೇಕಾಗುತ್ತದೆ. ನಾನು ಅಮಾನಿಕೆರೆ ಏರಿ ಮೇಲೆ ಒಬ್ಬಳೇ ಕತ್ತಲಾಗುವ ತನಕ ಕೂತಿದ್ದೆ.

ತಿದ್ದಿದ 16 ಪುಟ ತಂದುಕೊಟ್ಟರೆ ನನ್ನ ಅಂಗಡಿಯಲ್ಲೇ 100 ಕಾಪಿ ಹಾಕಿಕೊಡುತ್ತೇನೆ, ದುಡ್ಡು ಬೇಡ ಅಂತ ವಕೀಲರಿಗೆ ಹೇಳಿದ್ದೇನೆ. ಗುರುವಾರ ತರುತ್ತಾರಂತೆ. ಅಂಗಡಿಯವರಿಗೆ ಅಂತಲೇ ಬೇರೆ ಒಂದು ದಿನ ಮಾಡಿ, ಮಧ್ಯಾಹ್ನ ಎರಡರಿಂದ ನಾಲ್ಕರ ತನಕ, ವ್ಯಾಪಾರ ಕಮ್ಮಿ ಇರುವಾಗ ಅಂತಲೂ ಕೇಳಿದ್ದೇನೆ. ಒಪ್ಪಿದ್ದಾರೆ. ನಮ್ಮ ಸಾಲಿನ ಎಂಟು ಅಂಗಡಿಯಲ್ಲಿ ಜ್ಯೂಸ್ ಅಂಗಡಿಯವರು, ಮೊಬೈಲ್ ರಿಪೇರಿ ಹುಡುಗ ಬರುತ್ತೇವೆ ಅಂದಿದ್ದಾರೆ. ಬೇಕರಿಯವರು ನೋಡೋಣ ಅಂದರು. ಅವರನ್ನು ನಾಳೆ ಇನ್ನೊಂದು ಸಲ ಕೇಳಬೇಕು.